ಹತ್ತು ದಿನ, ಆರು ಊರು: ಇಟಲಿಯಲ್ಲೊಂದು ಕುಟುಂಬ ಯಾತ್ರೆ

ರೋಮ್ ನಗರವನ್ನು ಒಮ್ಮೆಯಾದರೂ ಕಣ್ಣಾರೆ ಕಾಣಬೇಕೆಂಬ ಬಯಕೆ ನಮ್ಮ ಕಥೋಲಿಕ ಕುಟುಂಬಗಳಲ್ಲಿ ತಲೆಮಾರುಗಳಿಂದ ಹರಿದುಬಂದದ್ದು. ಹಿಂದಿನ ಕಾಲದಲ್ಲಿ ಆ ಭಾಗ್ಯ ಉನ್ನತ ವ್ಯಾಸಂಗಕ್ಕೆ ಹೋಗುತ್ತಿದ್ದ ಧರ್ಮಗುರುಗಳಿಗೆ ಮಾತ್ರ ದೊರೆಯುತ್ತಿತ್ತು. ಅವರು ತಂದುಕೊಟ್ಟ ಜಪಸರವನ್ನು ಮನೆಯ ಪೀಠದ ಮೇಲೆ ಜೋಪಾನವಾಗಿ ಇಟ್ಟುಕೊಂಡು, ಅವರು ಹೇಳಿದ ಸಂಗತಿಗಳನ್ನು ಬಾಯಿತೆರೆದು ಕೇಳಿ, ಸಂತ ಪೇತ್ರರ ಮಹಾದೇವಾಲಯವನ್ನು ಪಂಚಾಂಗದ ಚಿತ್ರದಲ್ಲಿ ನೋಡಿ ತೃಪ್ತಿಪಟ್ಟವರು ನಮ್ಮ ಹಿರಿಯರು. ಇಂದು ಕಾಲ ಬದಲಾಗಿದೆ. ಮಕ್ಕಳು ದುಡಿಯುತ್ತಿದ್ದಾರೆ, ವಿಮಾನಗಳು ಹತ್ತಿರವಾಗಿವೆ, ಹಲವು ವರ್ಷ ಕೂಡಿಟ್ಟರೆ ಮಧ್ಯಮ ವರ್ಗದ ಕುಟುಂಬವೂ ಇಟಲಿಯನ್ನು ನೋಡಿಬರಬಹುದಾಗಿದೆ.

ಆದರೆ ರಜೆ ಸಿಗುವುದು ಹತ್ತೇ ದಿನ. ನೋಡಬೇಕೆನಿಸುವ ಊರುಗಳೋ ಹತ್ತಾರು. ಜೊತೆಯಲ್ಲಿ ಮೊಣಕಾಲು ನೋವಿನ ಅಜ್ಜಿ, ಬೇಗ ಬೇಸರಗೊಳ್ಳುವ ಮಕ್ಕಳು. ಇಂತಹ ಗಡಿಬಿಡಿಯ ಸುತ್ತಾಟದಿಂದ ಫಲವೇನು? ಅದು ಯಾತ್ರೆಯಾದೀತೇ, ಅಥವಾ ಫೋಟೊ ಹಿಡಿಯುವ ಓಟವಷ್ಟೇ ಆದೀತೇ? 2025ರ ಅಕ್ಟೋಬರ್ ತಿಂಗಳಲ್ಲಿ, ಜ್ಯುಬಿಲಿ ವರ್ಷದ ನಿಮಿತ್ತ, ನಾವು ಐವರು ರೋಮ್, ಅಸ್ಸಿಸಿ, ಫ್ಲಾರೆನ್ಸ್, ಪಾದುವ, ವೆನಿಸ್, ಮಿಲಾನ್ ಎಂಬ ಆರು ಊರುಗಳನ್ನು ಹತ್ತು ದಿನಗಳಲ್ಲಿ ಸುತ್ತಿಬಂದೆವು. ಆ ಅನುಭವದ ಕೆಲವು ಸಂಗತಿಗಳನ್ನು, ಮುಂದೆ ಹೊರಡಲಿರುವ ಓದುಗ ಬಾಂಧವರಿಗೆ ಉಪಯೋಗವಾಗಲೆಂದು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಐವರು, ಐದು ಬೇಡಿಕೆ

ಅಮ್ಮನಿಗೆ 74 ವರ್ಷ. ಶಂಕರಪುರದ ಸುತ್ತಮುತ್ತಲಿನ ಎಷ್ಟೋ ತಾಯಂದಿರಂತೆ ಅವರೂ ಮಲ್ಲಿಗೆ ಬೆಳೆದು, ಬೆಳಕು ಹರಿಯುವ ಮುನ್ನವೇ ಮೊಗ್ಗು ಕೊಯ್ದು, ಕಟ್ಟಿ, ಚೆಂಡು ಅಟ್ಟೆಗಳ ಲೆಕ್ಕದಲ್ಲಿ ಮಾರಿ ನಮ್ಮನ್ನು ಓದಿಸಿದವರು. ಈ ಪ್ರಯಾಣದ ವೆಚ್ಚದಲ್ಲಿ ಅವರ ಮಲ್ಲಿಗೆಯ ಉಳಿತಾಯದ ಪಾಲೂ ಇತ್ತು. ಉಳಿದವರು ನಾನು, ನನ್ನ ಪತ್ನಿ, ಕಾಲೇಜು ಓದುವ ಮಗಳು ಮತ್ತು ಒಂಬತ್ತನೆಯ ತರಗತಿಯ ಮಗ.

ಹೊರಡುವ ಮೂರು ತಿಂಗಳ ಮೊದಲೇ ನನ್ನ ಪತ್ನಿ ಒಂದು ನಿಯಮ ಮಾಡಿದಳು. ಪ್ರತಿಯೊಬ್ಬರೂ ತಮಗೆ ಬೇಕೇಬೇಕೆನಿಸುವ ಒಂದೇ ಒಂದು ಸಂಗತಿಯನ್ನು ಚೀಟಿಯಲ್ಲಿ ಬರೆದುಕೊಡಬೇಕು. ಆ ಐದನ್ನು ಯಾವ ಕಾರಣಕ್ಕೂ ಬಿಡುವಂತಿಲ್ಲ. ಉಳಿದುದೆಲ್ಲ ಸಮಯ ಸಿಕ್ಕರೆ ಉಂಟು, ಇಲ್ಲವಾದರೆ ಇಲ್ಲ. ಅಮ್ಮ ಬರೆದದ್ದು ಪಾದುವದಲ್ಲಿ ಸಂತ ಅಂತೋಣಿಯವರ ಸಮಾಧಿ. ಪತ್ನಿಯದು ಅಸ್ಸಿಸಿ. ಮಗಳದು ಮಿಲಾನಿನಲ್ಲಿರುವ ಲಿಯೊನಾರ್ಡೊ ಡಾ ವಿಂಚಿಯ ‘ಕೊನೆಯ ಭೋಜನ’ದ ಭಿತ್ತಿಚಿತ್ರ. ಮಗನದು ವೆನಿಸಿನ ಮುರಾನೊ ದ್ವೀಪದಲ್ಲಿ ಗಾಜನ್ನು ಊದಿ ಪಾತ್ರೆ ಮಾಡುವ ಕುಲುಮೆ. ನಾನು ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನಲ್ಲಿ ಓದಿದವನಾದ್ದರಿಂದ, ರೋಮಿನ ಸಂತ ಇಗ್ನೇಷಿಯಸರ ದೇವಾಲಯವನ್ನು ಬರೆದುಕೊಟ್ಟೆ. ಅದರ ಕಾರಣವನ್ನು ಮುಂದೆ ಹೇಳುತ್ತೇನೆ.

ಪಾದುವವನ್ನು ಮಂಗಳವಾರಕ್ಕೇ ಇಟ್ಟುಕೊಳ್ಳಬೇಕೆಂದು ಅಮ್ಮ ಮೊದಲೇ ಹೇಳಿದ್ದರು. ಮಂಗಳವಾರ ಸಂತ ಅಂತೋಣಿಯವರ ದಿನವೆಂಬುದು ನಮ್ಮ ಮನೆಗಳಲ್ಲಿ ಯಾರಿಗೆ ತಿಳಿಯದು? ಆ ಒಂದು ದಿನವನ್ನು ನಿಶ್ಚಯಿಸಿಕೊಂಡು, ಅದರ ಹಿಂದು ಮುಂದಿಗೆ ಉಳಿದ ಊರುಗಳನ್ನು ಹೊಂದಿಸಿದೆವು.

ಪವಿತ್ರ ದ್ವಾರದ ಒಳಗೆ

ಮಂಗಳವಾರ ಸಂಜೆ ರೋಮ್ ತಲುಪಿದ ನಾವು ಮರುದಿನ ಮುಂಜಾನೆಯೇ ಸಂತ ಪೇತ್ರರ ಚೌಕದಲ್ಲಿದ್ದೆವು. ಬುಧವಾರಗಳಂದು ಜಗದ್ಗುರುಗಳು ಸಾರ್ವಜನಿಕ ದರ್ಶನ ನೀಡುವುದು ವಾಡಿಕೆ. ಅದಕ್ಕೆ ಬೇಕಾದ ಚೀಟಿ ಉಚಿತ. 2025ರ ಮೇ 8ರಂದು ಆಯ್ಕೆಯಾದ ಹದಿನಾಲ್ಕನೆಯ ಲಿಯೊ ಅವರು ಅಮೆರಿಕ ಸಂಯುಕ್ತ ಸಂಸ್ಥಾನದಿಂದ ಬಂದ ಮೊದಲ ಪೋಪ್. ತೆರೆದ ವಾಹನದಲ್ಲಿ ಅವರು ನಮ್ಮೆದುರು ಹಾದುಹೋದುದು ಕೆಲವೇ ಕ್ಷಣ. ಮಗ ಫೋಟೊ ಹಿಡಿಯುವುದರಲ್ಲಿದ್ದ. ಅಮ್ಮ ಮಾತ್ರ ಕೈಚೀಲದಿಂದ ಊರಿನವರ ಜಪಸರಗಳನ್ನೆಲ್ಲ ತೆಗೆದು ಎರಡೂ ಕೈಗಳಲ್ಲಿ ಎತ್ತಿ ಹಿಡಿದಿದ್ದರು. ಅಷ್ಟು ಜಪಸರಗಳನ್ನು ಅವರು ತಂದಿರುವುದು ನಮಗೆ ತಿಳಿದದ್ದೇ ಆಗ.

ಮಹಾದೇವಾಲಯದ ಪವಿತ್ರ ದ್ವಾರ ಆ ದಿನಗಳಲ್ಲಿ ತೆರೆದಿತ್ತು. 2024ರ ಡಿಸೆಂಬರ್ 24ರಂದು ಪೋಪ್ ಫ್ರಾನ್ಸಿಸರು ತೆರೆದ ಆ ದ್ವಾರವನ್ನು 2026ರ ಜನವರಿ 6ರಂದು ಪೋಪ್ ಲಿಯೊ ಅವರು ಮುಚ್ಚಿದರು. ಒಬ್ಬರು ತೆರೆದ ಬಾಗಿಲನ್ನು ಅವರ ಉತ್ತರಾಧಿಕಾರಿ ಮುಚ್ಚಿದ ಅಪರೂಪದ ಜ್ಯುಬಿಲಿ ಅದು. ಒಳಗೆ ಬಲಬದಿಯಲ್ಲಿಯೇ ಮೈಕೆಲಾಂಜೆಲೊ ತನ್ನ ಇಪ್ಪತ್ತರ ಹರೆಯದಲ್ಲಿ ಕಡೆದ ‘ಪಿಯೆತಾ’ ಇದೆ. ಮಡಿದ ಮಗನನ್ನು ಮಡಿಲಲ್ಲಿ ಇರಿಸಿಕೊಂಡ ತಾಯಿಯ ಆ ಅಮೃತಶಿಲೆಯ ಪ್ರತಿಮೆಯನ್ನು 1972ರಲ್ಲಿ ಒಬ್ಬಾತ ಸುತ್ತಿಗೆಯಿಂದ ಜಜ್ಜಿದ. ಅಂದಿನಿಂದ ಅದು ಗಾಜಿನ ಹಿಂದಿದೆ. ಸುಮಾರು ನೂರಿಪ್ಪತ್ತು ವರ್ಷಗಳ ಕಾಲ ಕಟ್ಟಲ್ಪಟ್ಟು 1626ರ ನವೆಂಬರ್ 18ರಂದು ಪ್ರತಿಷ್ಠಾಪನೆಗೊಂಡ ಈ ದೇವಾಲಯದ ವೈಶಾಲ್ಯವನ್ನು ಮಾತಿನಿಂದ ವರ್ಣಿಸುವುದು ಕಷ್ಟ. ಗುಮ್ಮಟದ 551 ಮೆಟ್ಟಿಲುಗಳಲ್ಲಿ ಒಂದು ಭಾಗವನ್ನು ಲಿಫ್ಟಿನಲ್ಲಿ ದಾಟಬಹುದಾದರೂ, ಮಿಕ್ಕವನ್ನು ಹತ್ತಲೇಬೇಕು. ಮಕ್ಕಳು ಹತ್ತಿದರು, ನಾವು ಮೂವರು ಕೆಳಗೆ ಕುಳಿತು ಜಪಸರ ಮಾಡಿದೆವು.

ಗುರುವಾರ ವ್ಯಾಟಿಕನ್ ವಸ್ತುಸಂಗ್ರಹಾಲಯ ಮತ್ತು ಸಿಸ್ಟೀನ್ ಪ್ರಾರ್ಥನಾಲಯಕ್ಕೆ ಮೀಸಲಾಯಿತು. ಶುಕ್ರವಾರ ಬೆಳಿಗ್ಗೆ ಸಂತ ಮೇರಿ ಮೇಜರ್ ಮಹಾದೇವಾಲಯ. ಪೋಪ್ ಫ್ರಾನ್ಸಿಸರು 2025ರ ಏಪ್ರಿಲ್ 21ರಂದು ದೈವಾಧೀನರಾದ ಮೇಲೆ ಅವರ ಇಚ್ಛೆಯಂತೆ ಅವರನ್ನು ಸಮಾಧಿ ಮಾಡಿದ್ದು ಇಲ್ಲಿ. ಲ್ಯಾಟಿನ್ ಭಾಷೆಯಲ್ಲಿ ಅವರ ಹೆಸರನ್ನಷ್ಟೇ ಕೆತ್ತಿದ ಸರಳ ಕಲ್ಲು. ಸುತ್ತಲಿನ ಬಂಗಾರದ ಮಾಳಿಗೆ, ಅಮೃತಶಿಲೆಯ ಪೀಠಗಳ ನಡುವೆ ಆ ಬರಿಯ ಕಲ್ಲನ್ನು ಕಂಡಾಗ ಸಾಲಿನಲ್ಲಿದ್ದವರೆಲ್ಲ ತಾವಾಗಿಯೇ ಮೌನರಾಗುತ್ತಿದ್ದರು.

ಮಂಗಳೂರಿನ ಬೇರು ರೋಮಿನಲ್ಲಿ

ನನ್ನ ಚೀಟಿಯ ಸಂತ ಇಗ್ನೇಷಿಯಸರ ದೇವಾಲಯವಿರುವುದು ಪ್ಯಾಂಥಿಯನ್ನಿನಿಂದ ಕೆಲವೇ ನಿಮಿಷಗಳ ನಡಿಗೆಯಲ್ಲಿ. ಪ್ರವಾಸಿಗರು ಅಲ್ಲಿಗೆ ಹೋಗುವುದು ಯೇಸುಸಭೆಯ ಸಹೋದರ ಆಂದ್ರೆಯಾ ಪೊಝೊ 17ನೇ ಶತಮಾನದ ಕೊನೆಯಲ್ಲಿ ಬಿಡಿಸಿದ ಚಾವಣಿ ಚಿತ್ರವನ್ನು ನೋಡಲು. ನೆಲದ ಮೇಲೆ ಗುರುತು ಮಾಡಿದ ಜಾಗದಲ್ಲಿ ನಿಂತು ಮೇಲೆ ನೋಡಿದರೆ ಚಾವಣಿಯೇ ತೆರೆದು ಆಕಾಶ ಕಂಡಂತಾಗುತ್ತದೆ. ಮುಂದೆ ಒಂದು ಗುಮ್ಮಟವೂ ಕಾಣುತ್ತದೆ. ಅದು ಗುಮ್ಮಟವಲ್ಲ, ಚಪ್ಪಟೆ ಬಟ್ಟೆಯ ಮೇಲೆ ಬರೆದ ಚಿತ್ರ!

ಆದರೆ ಮಂಗಳೂರಿನವರಾದ ನಾವು ನೋಡಬೇಕಾದದ್ದು ಇನ್ನೊಂದುಂಟು. ಬಲಬದಿಯ ಪೀಠದ ಕೆಳಗೆ ಸಂತ ಅಲೋಶಿಯಸ್ ಗೊನ್ಝಾಗರ ಪಾರ್ಥಿವ ಅವಶೇಷಗಳಿವೆ. ಅರಸುಮನೆತನದ ಹಕ್ಕನ್ನು ತೊರೆದು ಯೇಸುಸಭೆ ಸೇರಿದ ಆ ತರುಣ, ರೋಮಿನಲ್ಲಿ ಸಾಂಕ್ರಾಮಿಕ ರೋಗ ಹಬ್ಬಿದಾಗ ರೋಗಿಗಳ ಶುಶ್ರೂಷೆ ಮಾಡುತ್ತಾ ತಾನೂ ರೋಗಕ್ಕೆ ತುತ್ತಾಗಿ 1591ರ ಜೂನ್ 21ರಂದು, 23ರ ಪ್ರಾಯದಲ್ಲಿ ಕಣ್ಮುಚ್ಚಿದರು. ನಮ್ಮೂರಿನ ಕಾಲೇಜಿಗೆ ಅವರದೇ ಹೆಸರು. 1878ರ ಕೊನೆಯ ದಿನ ಮಂಗಳೂರಿಗೆ ಬಂದಿಳಿದ ಯೇಸುಸಭೆಯ ಗುರುಗಳಲ್ಲಿ ಇಟಲಿಯವರೇ ಹೆಚ್ಚು. ಆ ಕಾಲೇಜಿನ ಪ್ರಾರ್ಥನಾಲಯದ ಗೋಡೆ ಚಾವಣಿಗಳನ್ನು 19ನೇ ಶತಮಾನದ ಕೊನೆಯಲ್ಲಿ ಚಿತ್ರಗಳಿಂದ ತುಂಬಿದ ಸಹೋದರ ಆಂತೋನಿಯೊ ಮೊಸ್ಕೇನಿ, ಮಿಲಾನಿಗೆ ಸಮೀಪದ ಬೆರ್ಗಾಮೊ ಸೀಮೆಯ ಸ್ತೆಝಾನೊ ಎಂಬ ಊರಿನವರು. 1854ರಲ್ಲಿ ಹುಟ್ಟಿದ ಅವರು ತಾಯ್ನಾಡಿಗೆ ಮರಳಲಿಲ್ಲ. 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು.

“ನಮ್ಮ ಚಾಪೆಲಿನಂತೆಯೇ ಇದೆಯಲ್ಲ!” ಎಂದು ಮಗಳು ಮೇಲೆ ನೋಡುತ್ತಾ ಉದ್ಗರಿಸಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ರೋಮಿನ ಚಾವಣಿಯನ್ನು ಕಂಡು ಮಂಗಳೂರಿನ ಚಾವಣಿ ನೆನಪಾಗಬೇಕಾದರೆ, ಅದನ್ನು ಮೊದಲು ಸರಿಯಾಗಿ ನೋಡಿರಬೇಕು. ಇಟಲಿಗೆ ಹೊರಡುವ ಮುನ್ನ ಮಕ್ಕಳನ್ನು ಲೈಟ್‌ಹೌಸ್ ಗುಡ್ಡದ ಆ ಪ್ರಾರ್ಥನಾಲಯಕ್ಕೆ ಕರೆದೊಯ್ಯಿರೆಂದು ಪಾಲಕರಲ್ಲಿ ನನ್ನ ವಿನಂತಿ.

ಕನ್ನಡ ನಾಡಿಗೂ ರೋಮಿಗೂ ಇನ್ನೊಂದು ಹಳೆಯ ನಂಟುಂಟು. ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ರೋಮಿನ ಪ್ರವಾಸಿ 1623ರಲ್ಲಿ ಕೆಳದಿ ಅರಸರ ಇಕ್ಕೇರಿಗೂ, ಮಂಗಳೂರು, ಉಳ್ಳಾಲಗಳಿಗೂ ಬಂದು ಕಂಡದ್ದನ್ನೆಲ್ಲ ಪತ್ರಗಳಲ್ಲಿ ಬರೆದಿಟ್ಟ. ದಾರಿಯಲ್ಲಿ ತೀರಿಕೊಂಡಿದ್ದ ಪತ್ನಿಯ ದೇಹವನ್ನು ಸಂರಕ್ಷಿಸಿ, ಇಡೀ ಪ್ರಯಾಣದುದ್ದಕ್ಕೂ ಜೊತೆಯಲ್ಲೇ ಒಯ್ದು ರೋಮಿನ ಆರಾಚೇಲಿ ದೇವಾಲಯದಲ್ಲಿ ಮಣ್ಣುಮಾಡಿದ. ಮುಂದೆ ಅವನೂ ಅಲ್ಲಿಯೇ ಸಮಾಧಿಯಾದ. ಕಡಿದಾದ ನೂರಕ್ಕೂ ಹೆಚ್ಚು ಮೆಟ್ಟಿಲುಗಳ ಆ ದೇವಾಲಯಕ್ಕೆ ಅಮ್ಮನನ್ನು ಕರೆದೊಯ್ಯಲಾಗದೆ ಕೆಳಗಿನಿಂದಲೇ ನೋಡಿ ಮುಂದೆ ಸಾಗಿದೆವು.

ಅಸ್ಸಿಸಿಯ ಶಾಂತಿ

ಶನಿವಾರ ರೈಲಿನಲ್ಲಿ ಅಸ್ಸಿಸಿಗೆ ಹೊರಟೆವು. ರೈಲು ನಿಲ್ದಾಣವಿರುವುದು ಬೆಟ್ಟದ ಬುಡದಲ್ಲಿ. ಅಲ್ಲಿಯೇ ದೇವದೂತರ ರಾಣಿ ಮರಿಯಮ್ಮನವರ ಮಹಾದೇವಾಲಯ. ಆ ಬೃಹತ್ ಕಟ್ಟಡದ ಒಳಗೆ, ಅರಮನೆಯಲ್ಲಿ ಇಟ್ಟ ಗುಡಿಸಲಿನಂತೆ, ಪೊರ್ಸಿಯುಂಕುಲ ಎಂಬ ಪುಟ್ಟ ಪ್ರಾರ್ಥನಾಲಯವಿದೆ. ಸಂತ ಫ್ರಾನ್ಸಿಸರು ತಮ್ಮ ಸಹೋದರರನ್ನು ಕೂಡಿಸಿದ್ದೂ, 1226ರ ಅಕ್ಟೋಬರ್ 3ರ ಸಂಜೆ ಪ್ರಾಣ ಬಿಟ್ಟದ್ದೂ ಇದೇ ನೆಲದಲ್ಲಿ.

ಮೇಲೆ ಬೆಟ್ಟದ ಊರಿನಲ್ಲಿ ಅವರ ಸಮಾಧಿಯ ಮೇಲೆ ಒಂದರ ಮೇಲೊಂದರಂತೆ ಎರಡು ದೇವಾಲಯಗಳು. ಮೇಲಿನದರ ಗೋಡೆಯಲ್ಲಿ ಫ್ರಾನ್ಸಿಸರ ಜೀವನದ 28 ಚಿತ್ರಗಳಿವೆ. ಅವು ಜೊತ್ತೊ ಮತ್ತು ಅವನ ಸಂಗಡಿಗರ ಕೃತಿಗಳೆಂಬ ಪ್ರತೀತಿ. 1997ರ ಸೆಪ್ಟೆಂಬರ್ 26ರಂದು ಭೂಕಂಪದಿಂದ ಚಾವಣಿಯ ಭಾಗಗಳು ಕುಸಿದು ಇಬ್ಬರು ಫ್ರಾನ್ಸಿಸ್ಕನ್ನರೂ ಇಬ್ಬರು ತಜ್ಞರೂ ಅಸುನೀಗಿದರು. ಸಾವಿರಾರು ಚೂರುಗಳಾಗಿ ಬಿದ್ದ ಚಿತ್ರಗಳನ್ನು ಒಂದೊಂದಾಗಿ ಆಯ್ದು ಜೋಡಿಸುವ ಕೆಲಸ ನಡೆಯುತ್ತಿರುವಾಗಲೇ, ಎರಡೇ ವರ್ಷಗಳಲ್ಲಿ, 1999ರ ನವೆಂಬರಿನಲ್ಲಿ ದೇವಾಲಯವನ್ನು ಮತ್ತೆ ತೆರೆದರು.

ಮಕ್ಕಳ ಮನಸ್ಸನ್ನು ಸೆಳೆದದ್ದು ಅದೇ ಊರಿನ ಇನ್ನೊಂದು ಸಮಾಧಿ. 1991ರಲ್ಲಿ ಹುಟ್ಟಿ, ರಕ್ತದ ಕ್ಯಾನ್ಸರಿನಿಂದ 2006ರ ಅಕ್ಟೋಬರ್ 12ರಂದು ಹದಿನೈದರ ವಯಸ್ಸಿನಲ್ಲಿ ತೀರಿಕೊಂಡ ಕಾರ್ಲೊ ಅಕುತಿಸ್ ಎಂಬ ಬಾಲಕನಿಗೆ 2025ರ ಸೆಪ್ಟೆಂಬರ್ 7ರಂದು ಸಂತ ಪದವಿ ದೊರೆಯಿತು. ಜೀನ್ಸ್ ಪ್ಯಾಂಟು, ಓಡುವ ಬೂಟು ತೊಟ್ಟ ಅವನ ದೇಹ ಗಾಜಿನ ಹಿಂದೆ ಕಾಣುತ್ತದೆ. ಸಂತರೆಂದರೆ ಗಡ್ಡ, ನಿಲುವಂಗಿ ಎಂದುಕೊಂಡಿದ್ದ ನನ್ನ ಮಗ ಬಹಳ ಹೊತ್ತು ಆ ಬೂಟುಗಳನ್ನೇ ನೋಡುತ್ತಾ ನಿಂತಿದ್ದ. ನಾವು ಏನೂ ಉಪದೇಶಿಸಲಿಲ್ಲ. ಅದರ ಅಗತ್ಯವೂ ಇರಲಿಲ್ಲ.

ಆ ರಾತ್ರಿಯನ್ನು ಅಸ್ಸಿಸಿಯಲ್ಲೇ ಕಳೆದುದು ಒಳ್ಳೆಯದಾಯಿತು. ಪ್ರವಾಸಿ ಬಸ್ಸುಗಳು ಸಂಜೆ ಇಳಿದುಹೋದ ಮೇಲೆ ಊರು ತನ್ನ ನಿಜರೂಪಕ್ಕೆ ಮರಳುತ್ತದೆ. ಕಲ್ಲಿನ ಓಣಿಗಳಲ್ಲಿ ದೀಪ, ದೂರದಲ್ಲಿ ಘಂಟೆಯ ದನಿ. ಪತ್ನಿ ಇದಕ್ಕಾಗಿಯೇ ಅಸ್ಸಿಸಿಯನ್ನು ಬರೆದುಕೊಟ್ಟಿದ್ದಳೋ ಏನೋ. ಆ ಸಂಜೆ ಅವಳು ಹೆಚ್ಚು ಮಾತನಾಡಲಿಲ್ಲ. ಮರುದಿನ ಭಾನುವಾರದ ದಿವ್ಯ ಬಲಿಪೂಜೆಯಲ್ಲಿ ಪಾಲ್ಗೊಂಡು ಅಲ್ಲಿಂದ ಬೀಳ್ಕೊಂಡೆವು.

ಫ್ಲಾರೆನ್ಸಿನ ಗುಮ್ಮಟ

ಫ್ಲಾರೆನ್ಸ್ ನಗರಕ್ಕೆ ಒಂದೂವರೆ ದಿನ. ಅಷ್ಟರಲ್ಲಿ ಆ ಊರನ್ನು ನೋಡಿದೆವೆಂದು ಹೇಳಿಕೊಳ್ಳುವುದು ಸಾಹಸವೇ ಸರಿ. ಸೋಮವಾರ ಅಲ್ಲಿಯ ದೊಡ್ಡ ಚಿತ್ರಶಾಲೆಗಳು ಮುಚ್ಚಿರುತ್ತವೆ. ಆದ್ದರಿಂದ ಭಾನುವಾರ ಮಧ್ಯಾಹ್ನವೇ ಅಕಾಡೆಮಿಯ ಚಿತ್ರಶಾಲೆಗೆ ಹೋಗಿ ಮೈಕೆಲಾಂಜೆಲೊನ ದಾವೀದನನ್ನು ನೋಡಿದೆವು. 1504ರಲ್ಲಿ ಪೂರ್ಣಗೊಂಡ, ಐದು ಮೀಟರಿಗೂ ಮಿಗಿಲಾದ ಆ ಪ್ರತಿಮೆಯ ಮುಖದಲ್ಲಿ ಗೆದ್ದ ಹೆಮ್ಮೆಯಿಲ್ಲ. ಯುದ್ಧಕ್ಕೆ ಮುನ್ನಿನ ಎಚ್ಚರವಿದೆ. ಸರಕಾರಿ ಸಂಗ್ರಹಾಲಯಗಳಲ್ಲಿ 18 ವರ್ಷದೊಳಗಿನ ಮಕ್ಕಳಿಗೆ, ಅವರು ಯಾವ ದೇಶದವರಾದರೂ, ಪ್ರವೇಶ ಉಚಿತವೆಂಬುದನ್ನು ಪಾಲಕರು ನೆನಪಿಡಬೇಕು. ಅವರ ಪಾಸ್‌ಪೋರ್ಟು ಕೈಯಲ್ಲಿರಲಿ.

ಸೋಮವಾರ ಪ್ರಧಾನಾಲಯ. 1420ರಿಂದ 1436ರವರೆಗೆ ಬ್ರುನೆಲ್ಲೆಸ್ಕಿ ಕಟ್ಟಿದ ಗುಮ್ಮಟದ ವಿಶೇಷವೆಂದರೆ, ನೆಲದಿಂದ ಮರದ ಆಸರೆ ಕೊಡದೆಯೇ ಇಟ್ಟಿಗೆಯ ಸಾಲುಗಳನ್ನು ಒಂದಕ್ಕೊಂದು ಕಚ್ಚಿಸಿ ಮೇಲೇರಿಸಿದ್ದು. 463 ಮೆಟ್ಟಿಲುಗಳನ್ನು ನಾನೂ ಮಕ್ಕಳೂ ಹತ್ತಿದೆವು. ಎದುರಿನ ಜ್ಞಾನಸ್ನಾನ ಮಂದಿರಕ್ಕೆ ಗಿಬೆರ್ತಿ 27 ವರ್ಷ ದುಡಿದು ಮಾಡಿದ ಹೊಂಬಣ್ಣದ ಕಂಚಿನ ಬಾಗಿಲುಗಳ ಮೂಲ ಪ್ರತಿ ಈಗ ಸಂಗ್ರಹಾಲಯದಲ್ಲಿದೆ, ಹೊರಗಿರುವುದು ನಕಲು.

ಆ ರಾತ್ರಿ ಅಮ್ಮನ ಮೊಣಕಾಲು ಊದಿಕೊಂಡಿತು. ರೋಮಿನ ಉರುಟು ಕಲ್ಲಿನ ಬೀದಿಗಳು, ಅಸ್ಸಿಸಿಯ ಏರು ತಗ್ಗು ತಮ್ಮ ಸುಂಕವನ್ನು ಕೇಳಿದ್ದವು. ಊರಿನಿಂದ ತಂದ ಎಣ್ಣೆಯನ್ನು ಮಗಳು ತಿಕ್ಕುತ್ತಾ ಕುಳಿತಳು. “ನಾಳೆ ಒಂದು ದಿನ ನಡೆದರೆ ಸಾಕು, ಆಮೇಲೆ ನೀವು ಎಲ್ಲಿ ಕೂರಿಸಿದರೂ ಕೂರುತ್ತೇನೆ” ಎಂದರು ಅಮ್ಮ.

ಪಾದುವದ ಮಧ್ಯಾಹ್ನ

ಮಂಗಳವಾರದ ಯೋಜನೆ ಬಿಗಿಯಾಗಿತ್ತು. ಬೆಳಿಗ್ಗೆ ಪಾದುವ, ಮಧ್ಯಾಹ್ನದ ಊಟದ ಹೊತ್ತಿಗೆ ಅರ್ಧ ಗಂಟೆಯ ರೈಲಿನಲ್ಲಿ ವೆನಿಸ್, ಸಂಜೆಗೆ ಮೊದಲು ದೋಣಿಯಲ್ಲಿ ಮುರಾನೊ. 1291ರಲ್ಲಿ ಬೆಂಕಿಯ ಭಯದಿಂದ ವೆನಿಸಿನ ಗಾಜಿನ ಕುಲುಮೆಗಳನ್ನೆಲ್ಲ ಆ ದ್ವೀಪಕ್ಕೆ ಸಾಗಿಸಿದ್ದರು. ಅಲ್ಲಿ ಇಂದಿಗೂ ಆ ಕಸುಬು ನಡೆದಿದೆ. ಬುಧವಾರ ಬೆಳಿಗ್ಗೆಯೇ ಮಿಲಾನಿಗೆ ಹೊರಡಬೇಕಿತ್ತು. ಮಗಳ ಚಿತ್ರವನ್ನು ನೋಡಲು ಅಂದು ಮಧ್ಯಾಹ್ನದ ಸಮಯವನ್ನು ತಿಂಗಳುಗಳ ಮೊದಲೇ ಕಾದಿರಿಸಿದ್ದೆವು.

ಆದರೆ ಅಂದು ನಮ್ಮ ರೈಲು ಒಂದೂವರೆ ಗಂಟೆ ತಡವಾಯಿತು. ಪಾದುವ ತಲುಪಿ ಮಹಾದೇವಾಲಯದ ಬಾಗಿಲಿಗೆ ಬರುವಾಗ ಮಧ್ಯಾಹ್ನ. ಒಳಗೆ ಸಮಾಧಿಯ ಸಾಲು ಉದ್ದವಾಗಿತ್ತು.

ಲಿಸ್ಬನ್ನಿನಲ್ಲಿ ಹುಟ್ಟಿದ ಅಂತೋಣಿಯವರು 1231ರ ಜೂನ್ 13ರಂದು ಪಾದುವದ ಬಳಿ ತೀರಿಕೊಂಡರು. ಒಂದು ವರ್ಷ ತುಂಬುವ ಮೊದಲೇ, 1232ರ ಮೇ 30ರಂದು, ಅವರಿಗೆ ಸಂತ ಪದವಿ ಸಿಕ್ಕಿತು. 1263ರಲ್ಲಿ ಸಮಾಧಿಯನ್ನು ತೆರೆದಾಗ ಅವರ ನಾಲಿಗೆ ಅಳಿಯದೆ ಉಳಿದಿತ್ತೆನ್ನುತ್ತಾರೆ. ಆ ಅವಶೇಷವನ್ನು ಪೀಠದ ಹಿಂದಿನ ಪ್ರಾರ್ಥನಾಲಯದಲ್ಲಿ ಇಂದಿಗೂ ಕಾಣಬಹುದು. ಸಮಾಧಿಯ ಹಿಂಬದಿಯ ಅಮೃತಶಿಲೆಯ ಮೇಲೆ ಯಾತ್ರಿಕರು ಅಂಗೈಯಿಟ್ಟು ಪ್ರಾರ್ಥಿಸುತ್ತಾರೆ. ಸುತ್ತಲೂ ಅವರು ಬಿಟ್ಟುಹೋದ ಫೋಟೊಗಳು: ಮಕ್ಕಳು, ದಂಪತಿಗಳು, ಆಸ್ಪತ್ರೆಯ ಹಾಸಿಗೆಯಲ್ಲಿರುವವರು.

ಅಮ್ಮ ಕೈಚೀಲದಿಂದ ಒಂದು ಹಳೆಯ ಕಪ್ಪು ಬಿಳುಪು ಫೋಟೊ ತೆಗೆದರು. ಅದು ಅವರ ತಮ್ಮನದು. 1971ರಲ್ಲಿ ಕೆಲಸ ಹುಡುಕಿಕೊಂಡು ಮುಂಬಯಿಗೆ ಹೋದ ನನ್ನ ಮಾವ ಮೊದಲ ವರ್ಷ ಎರಡು ಪತ್ರ ಬರೆದರು, ಆಮೇಲೆ ಸುದ್ದಿಯಿಲ್ಲ. ಅಜ್ಜ ಅಜ್ಜಿಯರು ಅವರ ದಾರಿ ಕಾಯುತ್ತಲೇ ತೀರಿಕೊಂಡರು. ಕಳೆದುಹೋದುದನ್ನು ಹುಡುಕಿಕೊಡುವ ಸಂತನೆಂದು ಅಂತೋಣಿಯವರಿಗೆ ಹೆಸರು. ಅಮ್ಮ ಮಂಗಳವಾರಗಳಂದು ಯಾರಿಗಾಗಿ ಮೊಂಬತ್ತಿ ಹಚ್ಚುತ್ತಿದ್ದರೆಂಬುದು ಮಕ್ಕಳಿಗೆ ತಿಳಿದದ್ದು ಅಂದೇ.

ಅಂಗೈಯನ್ನು ಕಲ್ಲಿನ ಮೇಲಿಟ್ಟು ಅವರು ನಿಂತರು. ಹಿಂದಿನವರಿಗೆ ದಾರಿ ಬಿಟ್ಟು, ಸಾಲಿನ ಕೊನೆಗೆ ಹೋಗಿ ಮತ್ತೊಮ್ಮೆ ಬಂದರು. ಆಮೇಲೆ ಮೆಲ್ಲನೆ, “ಸಂಜೆಯ ಪೂಜೆ ಮುಗಿಸಿ ಹೋಗಬಹುದೇ?” ಎಂದು ಕೇಳಿದರು.

ಪೂಜೆಗೆ ನಿಂತರೆ ವೆನಿಸ್ ತಲುಪುವಾಗ ಕತ್ತಲಾಗುತ್ತದೆ. ಕುಲುಮೆಗಳ ಕೆಲಸ ಮುಗಿದಿರುತ್ತದೆ. ಬಿಡಲಾಗದೆಂದು ಮಾಡಿದ್ದ ಐದು ಬೇಡಿಕೆಗಳಲ್ಲಿ ಎರಡು ಎದುರುಬದುರು ನಿಂತಿದ್ದವು. ನಾನೂ ಪತ್ನಿಯೂ ಮುಖ ಮುಖ ನೋಡಿಕೊಂಡೆವು. ಮಗನನ್ನು ಹೊರಗಿನ ಅಂಗಳಕ್ಕೆ ಕರೆದು, ನಾನೊಬ್ಬ ನಿನ್ನನ್ನು ಈಗಲೇ ಮುರಾನೊಗೆ ಕರೆದೊಯ್ಯುತ್ತೇನೆ, ಉಳಿದವರು ರಾತ್ರಿ ಬರಲಿ ಎಂದೆ. ಮೊಣಕಾಲು ಊದಿಕೊಂಡ ಅಮ್ಮನನ್ನೂ ಎಲ್ಲರ ಪೆಟ್ಟಿಗೆಗಳನ್ನೂ ಇಬ್ಬರು ಹೆಂಗಸರ ಪಾಲಿಗೆ ಬಿಟ್ಟು ಹೋಗುವುದು ಹೇಗೆಂದು ನನಗೂ ಗೊತ್ತಿರಲಿಲ್ಲ. ಅವನು ಸ್ವಲ್ಪ ಹೊತ್ತು ನೆಲ ನೋಡುತ್ತಿದ್ದ. “ಬೇಡ ಪಪ್ಪಾ. ಮುರಾನೊವನ್ನು ನಾನು ದೊಡ್ಡವನಾದ ಮೇಲೆ ನೋಡಬಹುದು. ಅಜ್ಜಿ ಇಲ್ಲಿಗೆ ಇನ್ನೊಮ್ಮೆ ಬರುವುದಿಲ್ಲವಲ್ಲ” ಎಂದ. ಅವನ ಕಣ್ಣಲ್ಲಿ ನೀರಿತ್ತು. ಬಿಟ್ಟುಕೊಟ್ಟದ್ದು ಅವನಿಗೆ ಸುಲಭವಾಗಿರಲಿಲ್ಲ.

ನಾವು ಬಲಿಪೂಜೆಗೆ ನಿಂತೆವು. ಇಟಾಲಿಯನ್ ಭಾಷೆ ನಮಗೆ ಬಾರದು. ಆದರೆ ಬಲಿಪೂಜೆಯ ಕ್ರಮ ತಿಳಿದವರಿಗೆ ಎಲ್ಲಿ ಏನು ನಡೆಯುತ್ತಿದೆಯೆಂದು ತಿಳಿಯುವುದೇನೂ ಕಷ್ಟವಲ್ಲ. ಅಮ್ಮ ಕೊಂಕಣಿಯಲ್ಲಿ ಉತ್ತರ ಹೇಳಿದರು. ಆಮೇಲೆ ಬಾಗಿಲ ಬಳಿ ನಿಂತಿದ್ದ ಒಬ್ಬ ವೃದ್ಧ ಫ್ರಾನ್ಸಿಸ್ಕನ್ ಗುರುಗಳಿಗೆ ತಮ್ಮನ ಫೋಟೊ ತೋರಿಸಿ ಕೊಂಕಣಿಯಲ್ಲೇ ಎಲ್ಲವನ್ನೂ ಹೇಳಿದರು. ಅವರು ಇಟಾಲಿಯನ್ನಿನಲ್ಲಿ ಏನೋ ಹೇಳಿ, ಫೋಟೊದ ಮೇಲೆ ಶಿಲುಬೆಯ ಗುರುತು ಮಾಡಿ, ಅಮ್ಮನ ತಲೆಯ ಮೇಲೆ ಕೈಯಿಟ್ಟರು. ಇಬ್ಬರಿಗೂ ಭಾಷೆಯ ಅಡ್ಡಿ ಆದಂತೆ ಕಾಣಲಿಲ್ಲ.

ರೈಲಿನಲ್ಲಿ ಮಗ ಕೇಳಿದ: “ಅಜ್ಜಿ, ಮಾವಜ್ಜ ಸಿಗಲಿ ಎಂದು ಬೇಡಿದಿರಾ?”

“ಮೊದಲೆಲ್ಲ ಹಾಗೆಯೇ ಬೇಡುತ್ತಿದ್ದೆ. ಇವತ್ತು ಹಾಗಲ್ಲ. ಎಲ್ಲಿದ್ದರೂ ದೇವರ ಕೈಯಲ್ಲಿರಲಿ ಎಂದು ಬೇಡಿದೆ. ಫೋಟೊವನ್ನು ಅಲ್ಲಿಯೇ ಇಟ್ಟು ಬಂದಿದ್ದೇನೆ” ಎಂದರು ಅಮ್ಮ.

ವೆನಿಸಿನ ರಾತ್ರಿ, ಮಿಲಾನಿನ ಹದಿನೈದು ನಿಮಿಷ

ವೆನಿಸ್ ನಿಲ್ದಾಣದಿಂದ ಹೊರಗೆ ಕಾಲಿಟ್ಟರೆ ಎದುರಿಗೇ ನೀರು. ಬಸ್ಸಿನ ಬದಲು ದೋಣಿ. ರಾತ್ರಿಯ ಆ ದೋಣಿಯಲ್ಲಿ ಜನಸಂದಣಿ ಇರಲಿಲ್ಲ. ದೊಡ್ಡ ಕಾಲುವೆಯ ಇಕ್ಕೆಲಗಳ ಹಳೆಯ ಮಹಲುಗಳ ದೀಪಗಳು ನೀರಿನಲ್ಲಿ ಅಲುಗಾಡುತ್ತಿದ್ದವು. ಕೊನೆಯಲ್ಲಿ ಬಲಕ್ಕೆ ಆರೋಗ್ಯ ಮಾತೆಯ ಬಿಳಿಯ ದೇವಾಲಯ ಕಾಣಿಸಿತು. 1630ರ ಪ್ಲೇಗಿನಿಂದ ನಗರ ತತ್ತರಿಸಿದಾಗ ಹೊತ್ತ ಹರಕೆಯಿಂದ ಎದ್ದುನಿಂತ ದೇವಾಲಯವದು; ಪ್ರತಿವರ್ಷ ನವೆಂಬರ್ 21ರಂದು ಜನ ಇಂದಿಗೂ ಹರಕೆ ಸಲ್ಲಿಸುತ್ತಾರೆ. ಹರಿಹರದ, ವೇಳಾಂಗಣ್ಣಿಯ ಆರೋಗ್ಯ ಮಾತೆಗೆ ಕೈಮುಗಿಯುವ ನಮಗೆ ಆ ಹೆಸರು ಪರಕೀಯವೆನಿಸಲಿಲ್ಲ.

ಮುಂಜಾನೆ ಬೇಗನೆ ಎದ್ದು ಸಂತ ಮಾರ್ಕರ ಚೌಕಕ್ಕೆ ಹೋದಾಗ ಅಲ್ಲಿ ಪಾರಿವಾಳಗಳೂ ಕಸಗುಡಿಸುವವರೂ ಮಾತ್ರ ಇದ್ದರು. 828ರಲ್ಲಿ ಅಲೆಕ್ಸಾಂಡ್ರಿಯದಿಂದ ತಂದ ಸುವಾರ್ತೆಗಾರ ಮಾರ್ಕರ ಅವಶೇಷಗಳಿಗಾಗಿ ಕಟ್ಟಿದ ಆ ದೇವಾಲಯದ ಒಳಗನ್ನು ನೋಡಲು ಹೊತ್ತಿರಲಿಲ್ಲ. ಎದುರಿನ ಘಂಟಾಗೋಪುರ 1902ರಲ್ಲಿ ಕುಸಿದುಬಿದ್ದು, 1912ರಲ್ಲಿ ಇದ್ದಂತೆಯೇ ಮತ್ತೆ ಎದ್ದ ಕಥೆಯನ್ನು ಹೇಳುತ್ತಾ ನಿಲ್ದಾಣಕ್ಕೆ ಮರಳಿದೆವು. ಅಲ್ಲಿನ ಅಂಗಡಿಯೊಂದರಲ್ಲಿ ಅಮ್ಮ ಮೊಮ್ಮಗನಿಗೆ ಅಂಗೈಯಗಲದ ಗಾಜಿನ ಕುದುರೆಯೊಂದನ್ನು ಕೊಡಿಸಿದರು. ಅದು ಮಲ್ಲಿಗೆಯ ಹಣ.

ಮಿಲಾನಿಗೆ ಹೋಗುವ ರೈಲು ಗಾರ್ದಾ ಸರೋವರದ ದಕ್ಷಿಣ ತೀರವನ್ನು ಹಾದುಹೋಗುತ್ತದೆ. ಅಲ್ಲಿಂದ ತುಸು ದೂರದ ಕಾಸ್ತಿಲ್ಯೋನೆ ಎಂಬ ಊರೇ ಸಂತ ಅಲೋಶಿಯಸರ ಜನ್ಮಸ್ಥಳ. 1859ರ ಜೂನಿನಲ್ಲಿ ನೆರೆಯ ಸೊಲ್ಫೆರಿನೊದ ಯುದ್ಧದಲ್ಲಿ ಗಾಯಗೊಂಡವರನ್ನು ಆ ಊರಿನ ತಾಯಂದಿರು ಶತ್ರು ಮಿತ್ರರೆನ್ನದೆ ಉಪಚರಿಸಿದರು. ಅದನ್ನು ಕಂಡ ಹೆನ್ರಿ ದುನಾನ್ ಮುಂದೆ ರೆಡ್ ಕ್ರಾಸ್ ಸಂಸ್ಥೆಯ ಸ್ಥಾಪನೆಗೆ ಕಾರಣನಾದ.

ಮಗಳು ಕಾದಿದ್ದ ಚಿತ್ರವಿರುವುದು ಕೃಪಾಮಾತೆಯ ಮಠದ ಊಟದ ಮನೆಯ ಗೋಡೆಯ ಮೇಲೆ. ಚಿತ್ರಕ್ಕೆ ಉಸಿರಿನ ತೇವ, ಧೂಳು ತಗುಲಬಾರದೆಂದು ಸಣ್ಣ ಗುಂಪನ್ನಷ್ಟೇ ಹದಿನೈದು ನಿಮಿಷ ಒಳಗೆ ಬಿಡುತ್ತಾರೆ. 1498ರ ಹೊತ್ತಿಗೆ ಮುಗಿದ ಈ ಚಿತ್ರ, ಬಣ್ಣ ಬಳಸಿದ ರೀತಿಯಿಂದಾಗಿ ಬೇಗನೆ ಉದುರತೊಡಗಿತು. 1943ರ ಆಗಸ್ಟಿನಲ್ಲಿ ಬಾಂಬು ಬಿದ್ದು ಊಟದ ಮನೆ ಕುಸಿದಾಗಲೂ ಮರಳಿನ ಚೀಲಗಳ ಆಸರೆಯಿಂದ ಆ ಗೋಡೆ ಉಳಿಯಿತು. ‘ನಿಮ್ಮಲ್ಲಿ ಒಬ್ಬನು ನನಗೆ ದ್ರೋಹಮಾಡುವನು’ ಎಂಬ ಅರ್ಥದ ಮಾತನ್ನು ಯೇಸುಸ್ವಾಮಿ ನುಡಿದ ಮರುಕ್ಷಣವನ್ನು ಅಲ್ಲಿ ಕಾಣುತ್ತೇವೆ. ನಮ್ಮ ಎಷ್ಟೋ ಮನೆಗಳ ಊಟದ ಕೋಣೆಯಲ್ಲಿ ತೂಗುವ ಚಿತ್ರದ ಮೂಲವಿದು. ಹದಿನೈದು ನಿಮಿಷ ಯಾರೂ ಮೊಬೈಲ್ ನೋಡಲಿಲ್ಲ. ಕಾಲ ಮಿತಿಯಿದ್ದಾಗ ಮನುಷ್ಯ ಸರಿಯಾಗಿ ನೋ‌ಡುತ್ತಾನೆಂಬುದು ಅಲ್ಲಿ ಮನದಟ್ಟಾಯಿತು. ಮರುದಿನ 1386ರಲ್ಲಿ ಆರಂಭವಾದ ಮಿಲಾನಿನ ಪ್ರಧಾನಾಲಯವನ್ನು ನೋಡಿ, ರಾತ್ರಿ ವಿಮಾನ ಏರಿದೆವು.

ಹೊರಡುವವರಿಗೆ ಕೆಲವು ಮಾತು

ಇಟಲಿಗೆ ಬೇಕಾದ ಷೆಂಗೆನ್ ವೀಸಾದ ಶುಲ್ಕ 2024ರ ಜೂನಿನಿಂದ ವಯಸ್ಕರಿಗೆ 90 ಯೂರೊ. ಸೇವಾ ಶುಲ್ಕ ಬೇರೆ. ಬೆರಳಚ್ಚು ಕೊಡಲು ಸ್ವತಃ ಹೋಗಬೇಕಾದ್ದರಿಂದ ತಿಂಗಳುಗಳ ಮೊದಲೇ ತಯಾರಿ ಅಗತ್ಯ. ಸಂತ ಪೇತ್ರರ ಮಹಾದೇವಾಲಯಕ್ಕೆ ಪ್ರವೇಶ ಉಚಿತ. ಭುಜ, ಮೊಣಕಾಲು ಮುಚ್ಚುವ ಉಡುಪು ಕಡ್ಡಾಯ. ರೋಮಿನ ಬೀದಿಬೀದಿಗಳ ನಲ್ಲಿಗಳಲ್ಲಿ ಸದಾ ಹರಿಯುವ ನೀರು ಕುಡಿಯಲು ಯೋಗ್ಯ; ಬಾಟಲಿ ಒಯ್ದರೆ ಸಾಕು. ಕಾಫಿಯನ್ನು ಕಟ್ಟೆಯ ಬಳಿ ನಿಂತು ಕುಡಿದರೆ ಅಗ್ಗ. ಕುಳಿತರೆ ಬೆಲೆ ಏರುತ್ತದೆ. ಹೋಟೆಲಿನ ಬಿಲ್ಲಿನಲ್ಲಿ ತಲೆಗಿಷ್ಟೆಂದು ಮೇಜಿನ ಶುಲ್ಕ ಸೇರಿಸುವುದು ಅಲ್ಲಿನ ರೂಢಿ. ಸ್ಥಳೀಯ ರೈಲಿನ ಕಾಗದದ ಟಿಕೇಟಿಗೆ ಹತ್ತುವ ಮೊದಲು ನಿಲ್ದಾಣದ ಯಂತ್ರದಲ್ಲಿ ಮುದ್ರೆ ಒತ್ತಿಸಬೇಕು, ಇಲ್ಲವಾದರೆ ದಂಡ. ವೆನಿಸಿಗೆ ಹಗಲು ಮಾತ್ರ ಬಂದುಹೋಗುವವರಿಂದ 2024ರಿಂದ ವಸಂತ, ಬೇಸಿಗೆಯ ಕೆಲವು ನಿಗದಿತ ದಿನಗಳಲ್ಲಿ ಪ್ರವೇಶ ಶುಲ್ಕ ಪಡೆಯುತ್ತಿದ್ದಾರೆ. ಅಲ್ಲಿಯೇ ತಂಗುವವರಿಗೆ ಅದು ಇಲ್ಲ.

ಧರ್ಮಗುರುಗಳ ನೇತೃತ್ವದ ತಂಡದೊಂದಿಗೆ ಹೋದರೆ ಇಂತಹ ಚಿಂತೆಗಳಿಲ್ಲ. ವಯಸ್ಸಾದವರಿಗೆ ಅದು ಹೆಚ್ಚು ಸುರಕ್ಷಿತ. ಕುಟುಂಬವಾಗಿಯೇ ಹೋಗುವುದಾದರೆ, ಪ್ರತಿಯೊಬ್ಬರೂ ಒಂದೊಂದು ಬೇಡಿಕೆಯನ್ನು ಬರೆದುಕೊಡುವ ಕ್ರಮವನ್ನು ನಾನು ಮನಃಪೂರ್ವಕ ಶಿಫಾರಸು ಮಾಡುತ್ತೇನೆ. ನಾವು ಪೀಸಾದ ವಾಲುಗೋಪುರವನ್ನು ನೋಡಲಿಲ್ಲ, ನೇಪಲ್ಸಿಗೆ ಹೋಗಲಿಲ್ಲ, ರೋಮಿನ ಕೊಲೊಸಿಯಮ್ಮನ್ನು ಹೊರಗಿನಿಂದಷ್ಟೇ ಕಂಡೆವು. ಮುರಾನೊ ಉಳಿದೇಹೋಯಿತು. ಆದರೂ ಬಿಟ್ಟುಬಂದುದರ ಕೊರಗು ಇಂದು ಯಾರಿಗೂ ಇಲ್ಲ. ಎಲ್ಲರೂ ಎಲ್ಲವನ್ನೂ ನೋಡಿದ್ದರೆ ಒಬ್ಬರ ಬಯಕೆ ಇನ್ನೊಬ್ಬರಿಗೆ ತಿಳಿಯುತ್ತಲೇ ಇರಲಿಲ್ಲ. ಐವತ್ತಕ್ಕೂ ಹೆಚ್ಚು ವರ್ಷ ಒಂದೇ ಸೂರಿನಡಿ ಇದ್ದ ನೋವೊಂದನ್ನು ನಮ್ಮ ಮಕ್ಕಳು ಅರಿಯಲು ಸಾವಿರಾರು ಮೈಲಿ ದೂರದ ಒಂದು ಸಮಾಧಿಯ ಬಳಿ ನಿಲ್ಲಬೇಕಾಯಿತು.

ಗಡಿಬಿಡಿಯ ಪ್ರವಾಸವೂ ಯಾತ್ರೆಯಾಗಬಲ್ಲದು. ಆದರೆ ಎಲ್ಲಿಯಾದರೂ ಒಂದು ಕಡೆ ಗಡಿಯಾರವನ್ನು ಮರೆತು ಇನ್ನೊಬ್ಬರಿಗಾಗಿ ಕುಳಿತುಕೊಳ್ಳಲು ಸಿದ್ಧರಿರಬೇಕು. ಮನೆಯ ಹಿರಿಯರಿಗೆ ನಡೆಯುವ ಶಕ್ತಿ ಇರುವಾಗಲೇ ಹೊರಡಿ. ಮಕ್ಕಳಿಗೆ ಕಾಲ ಇನ್ನೂ ಬಹಳವಿದೆ. ಹಿರಿಯರ ಮೊಣಕಾಲಿಗೆ ಅಷ್ಟು ಕಾಲವಿಲ್ಲ.